ಸರಪಳಿಗೆ ಎಣ್ಣೆ ಹಾಕುವವರಾರು?

ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದ ರಾತ್ರಿಯನ್ನು ಹೊಸಪೇಟೆಯವರಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10, ಶನಿವಾರ. ಎಪ್ಪತ್ತು ವರ್ಷದ ಕಟ್ಟೆ ಬಿರಿಯಲಿಲ್ಲ, ಕಲ್ಲು ಕದಲಲಿಲ್ಲ. ತುಂಡಾದುದು ಬಾಗಿಲನ್ನು ಎತ್ತಿ ಇಳಿಸುವ ಸರಪಳಿ. ಅದೊಂದು ಸರಪಳಿಯ ದೆಸೆಯಿಂದ ಉಳಿದ ಬಾಗಿಲುಗಳನ್ನೂ ತೆರೆದು, ರೈತ ಕಣ್ಣಿಟ್ಟು ಕಾದಿದ್ದ ನೀರನ್ನು ಹತ್ತಾರು ಟಿ.ಎಂ.ಸಿ. ಲೆಕ್ಕದಲ್ಲಿ ಹೊಳೆಗೆ ಬಿಡಬೇಕಾಯಿತು. ಕೆಳಗೆ ಕಂಪ್ಲಿಯ ಹೊಳೆದಂಡೆಯವರು ನಿದ್ದೆಗೆಟ್ಟರು. ಕನ್ನಯ್ಯ ನಾಯುಡು ಅವರಂಥ ಅನುಭವಿಗಳು ಬಂದು, ಕೂಲಿಗಳು ಹರಿಯುವ ನೀರಿನ ನೆತ್ತಿಯ ಮೇಲೆ ಜೀವ ಕೈಯಲ್ಲಿ ಹಿಡಿದು ದುಡಿದು, ಒಂದು ವಾರದಲ್ಲಿ ತಾತ್ಕಾಲಿಕ ತಡೆಬಾಗಿಲು ಇಳಿಸಿದರು. ಅದರ ಮರುವರ್ಷ, 2025ರ ಮಳೆಗಾಲದಲ್ಲಿ, ಹೊಳೆ ತುಂಬಿ ಬಂದರೂ ಜಲಾಶಯವನ್ನು ಪೂರ್ತಿ ತುಂಬಿಸಲು ಧೈರ್ಯ ಸಾಲದೆ 80 ಟಿ.ಎಂ.ಸಿ.ಯ ಆಸುಪಾಸಿನಲ್ಲೇ ನಿಲ್ಲಿಸಬೇಕಾಯಿತು.

ಮೂರು ರಾಜ್ಯಗಳ ನೀರು, ಮೂರು ರಾಜ್ಯಗಳ ಮಂಡಳಿ, ಲಕ್ಷಾಂತರ ಎಕರೆ ಗದ್ದೆ. ಸರಪಳಿ ಮಾತ್ರ ಒಂದು.

ಈ ವಾರ ನಾವು ಬರೆಯಹೊರಟಿರುವುದು ಅಣೆಕಟ್ಟಿನ ಬಗ್ಗೆ ಅಲ್ಲ. ಅಂಥದೇ ಇನ್ನೊಂದು ಸರಪಳಿ ನಿಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಗೂ ನಿಮ್ಮ ಪಿ.ಎಫ್. ಹಣಕ್ಕೂ ಕಟ್ಟಿಕೊಂಡಿದೆ. ಅದನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಜನರೂ ಇರಲಾರರು. ನಾವೂ ಕೆಲವು ವರ್ಷಗಳ ಹಿಂದಿನವರೆಗೆ ಅದರ ಹೆಸರು ಕೇಳಿದವರಲ್ಲ. ಕಪ್ಪು ಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ಹುಡುಗರಿಗೆ ಮಗ್ಗಿ ಹೇಳಿಕೊಟ್ಟ ಕೈ ನಮ್ಮದು. ಮೆಟ್ರಿಕ್ಕಿನಾಚೆಗಿನ ವಿದ್ಯೆ ನಮಗೆ ಬೀದಿಯಲ್ಲಿ ಸಿಕ್ಕಿದ್ದು. ಕಾಲೇಜಿನಲ್ಲಿ ಓದಿದ ತರುಣರಿಬ್ಬರು ಕಚೇರಿಯ ಬೆಂಚಿನ ಮೇಲೆ ಕೂತು ಮೂರು ಸಂಜೆ ವಿವರಿಸಿದ ಮೇಲೆ ನಮಗೆ ತಿಳಿದುದನ್ನು ನಿಮಗೆ ಹೇಳುತ್ತೇವೆ.

ಗಿರಾಕಿ ಫೋನನ್ನು ನಿಮ್ಮ ಅಂಗಡಿಯ ಚೌಕಳಿ ಚೀಟಿಗೆ ಹಿಡಿಯುತ್ತಾನೆ. ಹಣ ಬಂತೆಂದು ಡಬ್ಬಿ ಕೂಗುತ್ತದೆ. ಈ ನಡುವಿನ ಎರಡು ಮೂರು ಕ್ಷಣಗಳಲ್ಲಿ ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ, ಅದು ಮತ್ತೊಂದಕ್ಕೆ ಕಾಗದ ಬರೆಯುತ್ತದೆ. ಆ ಕಾಗದಕ್ಕೆ ಒಂದು ನಡಾವಳಿಯುಂಟು. ಮೊದಲು ಏನು ಬರೆಯಬೇಕು, ವಿಳಾಸ ಎಲ್ಲಿ ಮುಗಿಯಬೇಕು, ಉತ್ತರ ಹೇಗೆ ಕೊಡಬೇಕು ಎಂಬ ಕಟ್ಟು. ವೆಬ್ಬಿನ ಈ ನಡಾವಳಿಗೆ ಎಚ್‌ಟಿಟಿಪಿ ಎಂದು ಹೆಸರು. ಪ್ರತಿಯೊಂದು ಕಂಪನಿಯೂ ಈ ಕಾಗದ ಬರೆಯುವ ಕೆಲಸವನ್ನು ಮೊದಲಿನಿಂದ ಮಾಡಿಕೊಳ್ಳುವುದಿಲ್ಲ. ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು ಇರುತ್ತದೆ. ಅದನ್ನು ಲೈಬ್ರರಿ ಎನ್ನುತ್ತಾರೆ. ಆ ಲೈಬ್ರರಿಯ ಒಳಗೂ ತೀರ ಕೆಳಗಿನ ಮೆಟ್ಟಿಲಲ್ಲಿ ಕೂತು ದುಡಿಯುವ ಸಣ್ಣ ಸಣ್ಣ ತುಣುಕುಗಳಿವೆ. ಅಕ್ಷರ ಎಣಿಸುವುದು, ತಾರೀಖು ಓದುವುದು, ಎರಡು ಹೆಸರು ಒಂದೇ ಹೌದೋ ಅಲ್ಲವೋ ನೋಡುವುದು, ವಿಳಾಸವನ್ನು ಬಿಡಿಸುವುದು ಅವುಗಳ ಕೆಲಸ. ಮೇಲಿನವರೆಲ್ಲರೂ ಹಂಚಿಕೊಂಡು ಬಳಸುವ ಈ ಸಹಾಯಕ ಕೋಡನ್ನು ನಾವು ಇಲ್ಲಿ ಕೈಯಾಳು ಕೋಡ್ ಎಂದೇ ಕರೆಯುತ್ತೇವೆ. ಗಾರೆಯವನ ಹೆಸರು ಕಟ್ಟಡದ ಮೇಲೆ ಬರುವುದುಂಟು, ಕೈಯಾಳಿನ ಹೆಸರು ಎಂದಾದರೂ ಬಂದಿದೆಯೆ?

ಕೆಲಸ ಚಿಕ್ಕದೆಂದು ಮೂಗು ಮುರಿಯಬೇಡಿ. ಹಂಪಿ ಎಂದು ಬರೆಯಿರಿ. ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕೆ ಅದು ಹಕಾರ, ಸೊನ್ನೆ, ಪಕಾರ, ಗುಡಿಸು ಎಂದು ನಾಲ್ಕು ಗುರುತು. ಒಂದೊಂದು ಗುರುತಿಗೂ ಮೂರು ಬೈಟ್, ಒಟ್ಟು ಹನ್ನೆರಡು. ವೆಬ್ಬಿನ ವಿಳಾಸದಲ್ಲಿ ಕನ್ನಡ ಹಾಗೆಯೇ ಹೋಗುವಂತಿಲ್ಲವಾದುದರಿಂದ ಒಂದೊಂದು ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ ಅಕ್ಷರಗಳಾಗಿ ಬಿಡಿಸಬೇಕು. ಎರಡಕ್ಷರದ ಹಂಪಿ ತಂತಿಯ ಮೇಲೆ ಹೊರಡುವಾಗ ಮೂವತ್ತಾರು ಅಕ್ಷರದ ಸಾಲಾಗುತ್ತದೆ. ಕಂಪ್ಲಿ ಐವತ್ತನಾಲ್ಕಾಗುತ್ತದೆ. ಕಳಿಸುವ ಕಡೆ ಬಿಡಿಸಿ, ತಲಪಿದ ಕಡೆ ಮತ್ತೆ ಕೂಡಿಸಿ, ಒಂದು ಗುರುತೂ ತಪ್ಪದಂತೆ ನೋಡಿಕೊಳ್ಳುವವನೇ ಕೈಯಾಳು. ಅವನು ಒಂದು ಎಣಿಕೆ ತಪ್ಪಿದರೆ ಹಂಪಿಗೆ ಹೊರಟ ಯಾತ್ರಿಕನಿಗೆ ಕೊಠಡಿ ಸಿಕ್ಕುವುದಿಲ್ಲ. ಎಣಿಕೆ ತಪ್ಪಿದ ಜಾಗವನ್ನು ಕಳ್ಳ ಕಂಡುಕೊಂಡರೆ ಇನ್ನೂ ದೊಡ್ಡ ಅನಾಹುತ.

2014ರ ಏಪ್ರಿಲಿನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ಎಂಬ ದೋಷ ಅಂಥದು. ಓಪನ್‌ಎಸ್‌ಎಸ್‌ಎಲ್ ಎಂಬುದು ವೆಬ್ಬಿನ ಕಾಗದಗಳಿಗೆ ಅರಗಿನ ಮುದ್ರೆ ಒತ್ತುವ ಲೈಬ್ರರಿ. ಬ್ಯಾಂಕು, ಅಂಚೆ, ಅಂಗಡಿ ಎನ್ನದೆ ಲೋಕವೆಲ್ಲ ಬಳಸುತ್ತಿದ್ದುದು. ಅದರಲ್ಲಿ ಒಂದು ಸಣ್ಣ ಏರ್ಪಾಡಿತ್ತು. ಆಚೆಯ ಯಂತ್ರ, ಬದುಕಿದ್ದೀಯಾ, ಬದುಕಿದ್ದರೆ ಈ ಮಾತನ್ನು ತಿರುಗಿ ಹೇಳು ಎನ್ನುತ್ತದೆ. ಈಚೆಯದು ತಿರುಗಿ ಹೇಳುತ್ತದೆ. ಮಾತು ಎಷ್ಟು ಉದ್ದವೆಂದು ಕೇಳಿದವನೇ ಬರೆದು ಕೊಡುತ್ತಾನೆ, ಅದನ್ನು ಅಳೆದು ನೋಡುವವರಿಲ್ಲ. ಐದು ರೂಪಾಯಿ ಇಟ್ಟುಹೋದವನು ಬಂದು ನನ್ನ ಐನೂರು ಕೊಡು ಎಂದರೆ, ಗಲ್ಲಾಪೆಟ್ಟಿಗೆಗೆ ಕೈಹಾಕಿ ಪಕ್ಕದವರ ಹಣವನ್ನೂ ಬಾಚಿ ಎಣಿಸಿ ಕೊಡುವ ಗುಮಾಸ್ತನನ್ನು ಊಹಿಸಿಕೊಳ್ಳಿ. ಒಂದು ಸಲಕ್ಕೆ 64 ಕಿಲೋಬೈಟಿನವರೆಗೆ, ಗುಟ್ಟಿನ ಕೀಲಿಗಳೂ ಸೇರಿ, ಹೊರಗೆ ಹೋಗಬಹುದಾಗಿತ್ತು. ಎರಡು ವರ್ಷ ಇದು ಹೀಗೆಯೇ ಇತ್ತು.

ಇಂಥ ಲೈಬ್ರರಿಯನ್ನು ಎಷ್ಟು ಜನ ನೋಡಿಕೊಳ್ಳುತ್ತಿದ್ದರು ಗೊತ್ತೆ? ಪೂರ್ಣ ಹೊತ್ತು ದುಡಿಯುತ್ತಿದ್ದವರು ಒಬ್ಬರು. ಲೋಕದ ಸಾಹುಕಾರರೆಲ್ಲ ಸೇರಿ ಅದಕ್ಕೆ ವರ್ಷಕ್ಕೆ ಕೊಡುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನಮ್ಮ ಒಂದು ವಾರ್ಡಿನ ಗಣೇಶೋತ್ಸವದ ಪಟ್ಟಿ ಇದಕ್ಕಿಂತ ದೊಡ್ಡದಿರುತ್ತದೆ! ದೋಷ ಬಯಲಾದ ಮೇಲೆ ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಅಮೆಜಾನ್ ಮೊದಲಾದ ಮಹಾಪ್ರಭುಗಳು ತಲಾ ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡುತ್ತೇವೆಂದು ಮುಂದೆ ಬಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ಹಂಪಿಯ ಸುತ್ತಿನವರಿಗೆ ಹೊಸದಲ್ಲ. ಆದರೆ ಆ ಕಂಪನಿಗಳ ಒಂದು ದಿನದ ಆದಾಯದ ಮುಂದೆ ಲಕ್ಷ ಡಾಲರ್ ಎಂದರೆ ಗುಡಿಯ ಹುಂಡಿಗೆ ಸವಕಲು ಕಾಸು ಹಾಕಿದಂತೆ.

ಇನ್ನೊಬ್ಬ ದುಡಿಮೆಗಾರನ ಕಥೆ ಹೇಳುತ್ತೇವೆ. ಸ್ವೀಡನ್ ದೇಶದ ಡ್ಯಾನಿಯೆಲ್ ಸ್ಟೆನ್‌ಬರ್ಗ್. 1990ರ ದಶಕದಲ್ಲಿ, ಪರದೇಶದ ನಾಣ್ಯಗಳ ಅಂದಂದಿನ ದರವನ್ನು ವೆಬ್ಬಿನಿಂದ ತರಲೆಂದು, ಬ್ರೆಜಿಲಿನವನೊಬ್ಬ ಬರೆದಿದ್ದ ಚಿಕ್ಕ ಸಾಧನವನ್ನು ಈತ ಎತ್ತಿಕೊಂಡು ತಿದ್ದಿದ. ವ್ಯಾಪಾರಿಗಳೇ ಗಮನಿಸಿ, ಮೂಲದಲ್ಲಿ ಅದು ಪೇಟೆ ಧಾರಣೆ ತರುವ ಆಳು! 1998ರ ಮಾರ್ಚಿನಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರು ಬಂತು. ಇಂದು ಕಾರು, ಟಿ.ವಿ., ಫೋನು, ಆಟದ ಪೆಟ್ಟಿಗೆ ಎಲ್ಲವೂ ಸೇರಿ ಇಪ್ಪತ್ತು ಶತಕೋಟಿಗೂ ಹೆಚ್ಚು ಕಡೆ ಅದು ಕೂತಿದೆಯೆಂದು ಅದರವರ ಅಂದಾಜು; ಲೋಕದ ಜನಸಂಖ್ಯೆಯ ಎರಡು ಪಾಲಿಗಿಂತ ಹೆಚ್ಚು. ಮೂರು ಸಾವಿರಕ್ಕೂ ಮೇಲ್ಪಟ್ಟು ಜನ ಅದಕ್ಕೆ ಒಂದಲ್ಲ ಒಂದು ಕೈ ಹಚ್ಚಿದ್ದಾರೆ. ಅದರೊಳಗೆ ಕರ್ಲ್‌ಎಕ್ಸ್ ಎಂಬ ಭಾಗವೇ ಇದೆ. ಲೈಬ್ರರಿಗೂ ಅದರ ಜೊತೆಯ ಸಾಧನಕ್ಕೂ ಎರಡಕ್ಕೂ ಬೇಕಾಗುವ ಸಣ್ಣ ಕೆಲಸಗಳನ್ನು ಒಂದೇ ಕಡೆ ಇಟ್ಟ ಕೋಣೆ. ನಾವು ಹೇಳಿದ ಕೈಯಾಳುಗಳ ಬಿಡಾರ. ಬಹಳ ವರ್ಷ ಈತ ಹಗಲು ಬೇರೆ ಚಾಕರಿ ಮಾಡಿ, ರಾತ್ರಿ ಇದನ್ನು ನೋಡಿಕೊಂಡ. 2019ರಿಂದೀಚೆಗೆ ಒಂದು ಕಂಪನಿಯ ಸಂಬಳದಲ್ಲಿ ಇದೇ ಕೆಲಸ ಮಾಡುತ್ತಿದ್ದಾನೆ.

2022ರ ಜನವರಿಯಲ್ಲಿ ಈತನಿಗೆ ಒಂದು ಭಾರೀ ಅಮೆರಿಕನ್ ಕಂಪನಿಯಿಂದ ಕಾಗದ ಬಂತು. ಅದಕ್ಕೆ ತಿಂಗಳೊಂದರ ಹಿಂದೆ ಲಾಗ್‌ಫೋರ್‌ಜೆ ಎಂಬ ಇನ್ನೊಂದು ಕೈಯಾಳು ಕೋಡಿನಲ್ಲಿ, ಅಂದರೆ ಯಂತ್ರದ ದಿನಚರಿ ಬರೆದಿಡುವ ತುಣುಕಿನಲ್ಲಿ, ಘೋರ ದೋಷ ಸಿಕ್ಕಿ ಲೋಕವೆಲ್ಲ ಗಾಬರಿಯಾಗಿತ್ತು. ಆ ಕಂಪನಿ ಕೇಳಿದ್ದು ಹೀಗೆ: ನಿಮ್ಮ ಸರಕಿನಲ್ಲಿ ಆ ದೋಷವಿದೆಯೆ? ಏನು ಕ್ರಮ ಕೈಗೊಂಡಿರಿ? ಇಪ್ಪತ್ನಾಲ್ಕು ಗಂಟೆಯೊಳಗೆ ಉತ್ತರಿಸತಕ್ಕದ್ದು. ಈತನಿಗೂ ಆ ಕಂಪನಿಗೂ ಕರಾರಿಲ್ಲ; ಒಂದು ಕಾಸಿನ ಕೊಡುಕೊಳ್ಳುವಿಕೆಯಿಲ್ಲ. ಕರ್ಲ್‌ಗೂ ಲಾಗ್‌ಫೋರ್‌ಜೆಗೂ ಸಂಬಂಧವೇ ಇಲ್ಲ. ಈತ ಶಾಂತವಾಗಿ, ನಮ್ಮೊಡನೆ ಸೇವೆಯ ಕರಾರು ಮಾಡಿಕೊಂಡ ಕೂಡಲೆ ಉತ್ತರಿಸುತ್ತೇವೆ ಎಂದು ಬರೆದ. ಅದಕ್ಕೆ ಬಂದ ಮಾರುತ್ತರ ನೋಡಿ: ಹಾಗಾದರೆ ನಾವು ನಿಮ್ಮ ಗಿರಾಕಿಗಳಲ್ಲವೆಂದು ಹೇಳುತ್ತೀರಾ ಎಂಬ ಪ್ರಶ್ನೆ, ಮೇಲಾಗಿ ಡ್ಯಾನಿಯೆಲ್ಲನನ್ನು ಡೇವಿಡ್ ಎಂದು ಕರೆದಿತ್ತು.

ಇದನ್ನು ಓದಿದಾಗ ಬಿಟ್ಟಿ ಚಾಕರಿ ಎಂಬ ಹಳೆಯ ಮಾತು ನಮಗೆ ನೆನಪಾಯಿತು. ನಮ್ಮ ಕಡೆಯ ಹಿರಿಯರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಮನೆಯ ಕಣದಲ್ಲಿ ಕೆಲಸ ಬಿದ್ದರೆ ಹೇಳಿಕಳಿಸುವುದು, ಬರಲು ತಡವಾದರೆ ಗದರುವುದು, ಹೆಸರನ್ನು ಮಾತ್ರ ನೆನಪಿಡದಿರುವುದು! ಆ ಕಾಲ ಹೋಯಿತೆಂದು ಭಾಷಣ ಮಾಡುವವರು ಈ ಕಾಗದವನ್ನೊಮ್ಮೆ ಓದಲಿ. ಬಿಟ್ಟಿಯ ದೊಡ್ಡಮನೆ ಈಗ ಸಮುದ್ರದಾಚೆಗಿದೆ ಎನ್ನುವುದಷ್ಟೇ ವ್ಯತ್ಯಾಸ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಈ ಕೋಡ್ ಬರೆಯುವವರೆಲ್ಲ ನಮ್ಮ ಗಿರಣಿಯ ಹಮಾಲರಂತೆ ಹೊಟ್ಟೆಗಿಲ್ಲದವರಲ್ಲ. ಹಗಲಿನ ಚಾಕರಿಯಲ್ಲಿ ಒಳ್ಳೆಯ ಸಂಬಳ ಪಡೆಯುವವರೂ ಅವರಲ್ಲಿದ್ದಾರೆ. ಅವರ ಬಡತನಕ್ಕಾಗಿ ಕಣ್ಣೀರು ಸುರಿಸಿರೆಂದು ನಾವು ಕೇಳುತ್ತಿಲ್ಲ. ಒಬ್ಬನ ರಾತ್ರಿಯ ನಿದ್ದೆಯ ಮೇಲೆ ಲೋಕದ ಹಗಲಿನ ವ್ಯಾಪಾರವೆಲ್ಲ ನಿಂತಿರುವುದು, ಆ ನಿದ್ದೆಗೆ ಯಾರೂ ಬೆಲೆ ಕಟ್ಟದಿರುವುದು ಕೇಡಿಗೆ ದಾರಿ ಎನ್ನುತ್ತಿದ್ದೇವೆ. ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯ ಕಥೆ ಇದಕ್ಕೆ ಸಾಕ್ಷಿ. ಲಾಸ್ಸೆ ಕಾಲಿನ್ ಎಂಬೊಬ್ಬನೇ ಅದನ್ನು ನೋಡಿಕೊಳ್ಳುತ್ತಿದ್ದ. ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದು ನೆನಪಿಡಿ ಎಂದು 2022ರಲ್ಲೇ ಬರೆದಿದ್ದ. ನೆನಪಿಟ್ಟವರು ಕಳ್ಳರು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡು ಬಂದವರು ಎರಡು ವರ್ಷಕ್ಕೂ ಮಿಕ್ಕಿ ವಿನಯದಿಂದ ಕೆಲಸಕ್ಕೆ ಕೈಗೂಡಿಸಿ, ಮನೆಯ ಕೀಲಿ ಸಂಪಾದಿಸಿ, 2024ರಲ್ಲಿ ಒಳಗೆ ಕಳ್ಳಬಾಗಿಲು ಕೊರೆದರು. ದೂರದ ಯಂತ್ರಗಳಿಗೆ ಪ್ರವೇಶ ಕೊಡುವ ದ್ವಾರಪಾಲಕ ಕೋಡಿಗೆ ಈ ಎಕ್ಸ್‌ಜೆಡ್ ನೇರ ನೆಂಟನೂ ಅಲ್ಲ, ನೆಂಟನ ನೆಂಟ. ಆ ದಾರಿಯಿಂದಲೇ ನುಗ್ಗುವ ಹಂಚಿಕೆ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಲೋಕದ ಬೊಕ್ಕಸ ಉಳಿದದ್ದು ಒಬ್ಬನ ಅರ್ಧ ಸೆಕೆಂಡಿನ ಅನುಮಾನದಿಂದ. ಇದಕ್ಕೆ ಏರ್ಪಾಡು ಎನ್ನುತ್ತಾರೆಯೆ?

ನಮ್ಮ ವಿರೋಧಿಗಳ ವಾದವನ್ನೂ ಕೇಳೋಣ. ಮೊದಲನೆಯ ಮಹನೀಯರು, ಪುಕ್ಕಟೆ ಕೊಡುತ್ತೇವೆಂದು ತಾವಾಗಿ ಬರೆದುಕೊಟ್ಟವರು ಅವರೇ, ಇದರಲ್ಲಿ ಅನ್ಯಾಯವೆಲ್ಲಿ ಎನ್ನುತ್ತಾರೆ. ಊರಿಗೆ ಬಾವಿ ತೋಡಿಸಿ ಕೊಟ್ಟವನು, ದಿನಾ ಬಂದು ಎಲ್ಲರ ಕೊಡಕ್ಕೂ ನೀರು ಸೇದಿ ಹಾಕುತ್ತೇನೆಂದು ಬರೆದುಕೊಟ್ಟಂತಾಯಿತೆ? ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳನ್ನು ವಿಜಯನಗರದ ಕಾಲದವರು ಕಟ್ಟಿಹೋದರು. ಇಂದಿಗೂ ಅವುಗಳಿಂದ ಬಾಳೆ, ಕಬ್ಬು, ಭತ್ತ ಬೆಳೆಯುತ್ತಿರುವುದು, ಹೂಳು ತೆಗೆಯುವವರು, ದಂಡೆ ಕಟ್ಟುವವರು ತಲೆಮಾರಿನಿಂದ ತಲೆಮಾರಿಗೆ ಇದ್ದುದರಿಂದ. ಕಟ್ಟಿದವನ ದಾನ ಒಂದು ದಿನದ್ದು, ಹೂಳು ಪ್ರತಿವರ್ಷದ್ದು. ಕೋಡಿಗೂ ಹೂಳು ಕಟ್ಟುತ್ತದೆ. ನಡಾವಳಿ ಬದಲಾಗುತ್ತದೆ, ಹೊಸ ಯಂತ್ರ ಬರುತ್ತದೆ, ಕಳ್ಳ ಹೊಸ ವಿದ್ಯೆ ಕಲಿಯುತ್ತಾನೆ. ದಾನ ಪಡೆದುದಕ್ಕೆ ಹಣ ಕೊಡಿರೆಂದು ಯಾರೂ ಕೇಳುತ್ತಿಲ್ಲ. ಹೂಳೆತ್ತುವ ಕೂಲಿ ಕೇಳುತ್ತಿದ್ದೇವೆ.

ಮಾಲೀಕರು ಎಷ್ಟು ಬೇಗ ಬಣ್ಣ ಬದಲಿಸುತ್ತಾರೆಂಬುದನ್ನು 2016ರ ಮಾರ್ಚ್ 22ರಂದು ಲೋಕ ನೋಡಿತು. ಬಿಲ್ಲು ಪುಸ್ತಕದಲ್ಲಿ 47 ಎಂಬುದನ್ನು 00047 ಎಂದು ಎಡಗಡೆ ತುಂಬಿಸಿ ಬರೆಯುತ್ತೀರಲ್ಲ, ಆ ಕೆಲಸಕ್ಕೆ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಕೈಯಾಳು ಇತ್ತು. ಅದನ್ನು ಬರೆದವನು ಅಜೆರ್ ಕೊಚುಲು. ಅವನ ಬೇರೊಂದು ತುಣುಕಿನ ಹೆಸರಿಗೂ ಕಿಕ್ ಎಂಬ ಕಂಪನಿಯ ಹೆಸರಿಗೂ ಜಗಳ ಬಿತ್ತು. ಕೋಡುಗಳ ಉಗ್ರಾಣ ನಡೆಸುವ ಎನ್‌ಪಿಎಂ ಸಂಸ್ಥೆ ಆ ಹೆಸರನ್ನು ಅವನಿಂದ ತೆಗೆದು ಕಂಪನಿಗೆ ಕೊಟ್ಟಿತು. ಅವನು ಬೇಸರದಿಂದ ತನ್ನದೆಲ್ಲವನ್ನೂ ಉಗ್ರಾಣದಿಂದ ಹೊರತೆಗೆದ. ಕೂಡಲೇ ಬೇಬೆಲ್, ರಿಯಾಕ್ಟ್‌ನಂಥ ದೊಡ್ಡ ದೊಡ್ಡ ಕಟ್ಟುಗಳನ್ನು ನೆಚ್ಚಿದ್ದ ಸಾವಿರಾರು ಕೆಲಸಗಳು ಮುಗ್ಗರಿಸಿದವು. ಎರಡೂವರೆ ಗಂಟೆಯೊಳಗೆ ಉಗ್ರಾಣದವರು ಅವನನ್ನು ಕೇಳದೆಯೇ ಆ ಹನ್ನೊಂದು ಸಾಲನ್ನು ವಾಪಸು ತಂದಿಟ್ಟರು. ಕಂಪನಿಗೆ ಹೆಸರು ಬೇಕಾದಾಗ ಹೆಸರು ಆಸ್ತಿ. ದುಡಿದವನು ತನ್ನದು ತನಗೆ ಕೊಡಿರೆಂದಾಗ ಅದು ಎಲ್ಲರದು! ಸಾರ್ವಜನಿಕರಿಗೆ ತೊಂದರೆಯಾಗಬಾರದೆಂದು ವಾಪಸು ತಂದಿಟ್ಟುದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಎಲ್ಲರದೆಂದು ಒಪ್ಪಿಕೊಂಡ ಮೇಲೆ ಅದರ ಖರ್ಚೂ ಎಲ್ಲರದಾಗಬೇಡವೆ?

ಎರಡನೆಯ ವಾದ ಸ್ವಲ್ಪ ಜಾಣತನದ್ದು. ಹಂಚಿಕೊಂಡದ್ದರಿಂದಲೇ ಅಲ್ಲವೆ ಒಂದು ಮುರಿದರೆ ಎಲ್ಲ ಮುರಿಯುವುದು? ಪ್ರತಿಯೊಬ್ಬರೂ ತಮ್ಮ ತಮ್ಮ ಕೈಯಾಳನ್ನು ತಾವೇ ಬರೆದುಕೊಳ್ಳಲಿ ಎನ್ನುತ್ತಾರೆ. ಇದಕ್ಕೆ ನಮ್ಮ ಕಿರಾಣಿ ಅಂಗಡಿಯವರೇ ಉತ್ತರ ಹೇಳಬಲ್ಲರು. ಊರಿಗೊಂದು ಸೇರು, ಸಂತೆಗೊಂದು ಕೊಳಗ ಇದ್ದ ಕಾಲದ ಜಗಳಗಳನ್ನು ಅವರು ತಾತಂದಿರಿಂದ ಕೇಳಿದ್ದಾರೆ. 1956ರಲ್ಲಿ ತೂಕ ಅಳತೆಗಳ ಕಾಯಿದೆ ಬಂದು ಕಿಲೋಗ್ರಾಂ ಎಲ್ಲ ಕಡೆ ಕಿಲೋಗ್ರಾಮೇ ಆಯಿತು. ವೆಬ್ಬಿನಲ್ಲಿಯೂ ಹಾಗೆಯೇ. ಬಾಗಿಲಲ್ಲಿ ಕೂತ ಕಾವಲುಗಾರನ ಕೋಡ್ ವಿಳಾಸವನ್ನು ಒಂದು ಬಗೆಯಲ್ಲಿ ಬಿಡಿಸಿ, ಒಳಗಿನ ಗುಮಾಸ್ತನ ಕೋಡ್ ಅದನ್ನೇ ಇನ್ನೊಂದು ಬಗೆಯಲ್ಲಿ ಬಿಡಿಸಿದರೆ, ಆ ಎರಡರ ನಡುವಿನ ಸಂದಿಯಲ್ಲಿ ಕಳ್ಳ ನುಸುಳುತ್ತಾನೆ. ಇಂಥ ಸಂದಿಗಳನ್ನು ಹುಡುಕುವುದೇ ಈಗ ಒಂದು ಕಸಬಾಗಿದೆ. ಸಾವಿರ ಜನ ಸಾವಿರ ಕೈಯಾಳು ಬರೆದರೆ ಸಾವಿರ ತಪ್ಪು, ಒಂದನ್ನು ತಿದ್ದಿದರೆ ಒಂದೇ ತಿದ್ದುತ್ತದೆ. ಹಂಚಿಕೊಂಡದ್ದನ್ನು ಒಮ್ಮೆ ತಿದ್ದಿದರೆ ಎಲ್ಲರದೂ ತಿದ್ದುತ್ತದೆ. 2023ರ ಅಕ್ಟೋಬರ್ 11ರಂದು ಕರ್ಲ್‌ನಲ್ಲೇ ಒಂದು ಕೆಟ್ಟ ದೋಷ ಪ್ರಕಟವಾಯಿತು. 255 ಅಕ್ಷರ ಮೀರಿದ ಹೆಸರು ಬಂದರೆ ಒಳಗಿನ ಪಾತ್ರೆ ಉಕ್ಕಿ ಹರಿಯುತ್ತಿತ್ತು. ಬರೆದವನು ಸ್ಟೆನ್‌ಬರ್ಗನೇ. ಅವನು ತಪ್ಪು ತನ್ನದೆಂದು ಒಪ್ಪಿ, ಹೇಗೆ ತಪ್ಪಿದೆನೆಂದು ಸಾಲು ಸಾಲಾಗಿ ಬರೆದು, ಅದೇ ದಿನ ತಿದ್ದಿದ ಆವೃತ್ತಿಯನ್ನು ಲೋಕಕ್ಕೆ ಕೊಟ್ಟ. ಯಾವ ಖಾಸಗಿ ಕಂಪನಿ ತನ್ನ ಕತ್ತಲೆ ಕೋಣೆಯ ತಪ್ಪನ್ನು ಹೀಗೆ ಬೀದಿಯಲ್ಲಿ ನಿಂತು ಒಪ್ಪಿಕೊಳ್ಳುತ್ತದೆ?

ಮೂರನೆಯವರು, ಯಾವುದಾದರೂ ದೊಡ್ಡ ಕಂಪನಿಗೆ ವಹಿಸಿಬಿಡಿ ಎನ್ನುತ್ತಾರೆ. ವಹಿಸಿದರೆ ಏನಾಗುತ್ತದೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. 2023ರಲ್ಲಿ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್ ಕಂಪನಿಗಳು ಅದುವರೆಗೆ ಬಯಲಲ್ಲಿದ್ದ ತಮ್ಮ ಕೋಡಿಗೆ ಒಂದೇ ರಾತ್ರಿಯಲ್ಲಿ ಬೇಲಿ ಹಾಕಿದವು. ಬಳಸುತ್ತಿದ್ದವರು ಹಳೆಯ ಪ್ರತಿ ಹಿಡಿದು ಬೇರೆ ಬಿಡಾರ ಹೂಡಬೇಕಾಯಿತು.

ಹಾಗಾದರೆ ದಾರಿ ಯಾವುದು? ನಾವು ಸಂಡೂರಿನ ಕಡೆ ಬೆರಳು ತೋರಿಸುತ್ತೇವೆ. ಸಂಡೂರಿನ ಗುಡ್ಡಗಳನ್ನು ಬಗೆದು ಅದಿರು ಒಯ್ದವರು ಹಿಂದೆ ಗುಡ್ಡಕ್ಕಾಗಲಿ ಗುಡ್ಡದ ಕೆಳಗಿನ ಊರಿಗಾಗಲಿ ಬಿಟ್ಟುಹೋದದ್ದು ಕೆಂಪು ಧೂಳು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದು ಬಂತು. ಗಣಿಯ ಗುತ್ತಿಗೆದಾರ ಸರಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ, ಹಳೆಯ ಗುತ್ತಿಗೆಯಾದರೆ ಅದರ ನೂರಕ್ಕೆ ಮೂವತ್ತರಷ್ಟು, ಹರಾಜಿನಲ್ಲಿ ಪಡೆದುದಾದರೆ ನೂರಕ್ಕೆ ಹತ್ತರಷ್ಟು ಹಣವನ್ನು ಗಣಿಯಿಂದ ನೊಂದ ಊರುಗಳಿಗಾಗಿ ಕಟ್ಟಬೇಕು. ಆ ಹಣ ನೆಟ್ಟಗೆ ಖರ್ಚಾಗುತ್ತಿದೆಯೆ ಎಂಬುದು ಬೇರೆಯ ಜಗಳ. ಅದನ್ನು ನಾವು ಬಿಟ್ಟಿಲ್ಲ, ಬಿಡುವವರೂ ಅಲ್ಲ. ಆದರೆ ತತ್ತ್ವ ಒಪ್ಪಿತವಾಗಿದೆ: ಎಲ್ಲರದನ್ನು ತೋಡಿಕೊಂಡು ಲಾಭ ಮಾಡುವವನು ತೋಡಿದ ಜಾಗದ ದುರಸ್ತಿಗೆ ಕೊಡತಕ್ಕದ್ದು. ಅದಿರಿಗೆ ಒಪ್ಪಿದ ನ್ಯಾಯ ಕೋಡಿಗೆ ಏಕೆ ಒಪ್ಪುವುದಿಲ್ಲ?

ಹಣ ಎಲ್ಲಿಂದ ಎನ್ನುವವರಿಗೆ ಲೆಕ್ಕವನ್ನೂ ಕೊಡುತ್ತೇವೆ. ಸಣ್ಣ ಅಂಗಡಿಯವರಿಗೆ ಬರುವ 2,000 ರೂಪಾಯಿಯೊಳಗಿನ ಯು.ಪಿ.ಐ. ಹಣಸಂದಾಯಕ್ಕೆ ಉತ್ತೇಜನವೆಂದು ಕೇಂದ್ರ ಮಂತ್ರಿಮಂಡಲ 2025ರ ಮಾರ್ಚಿನಲ್ಲಿ, 2024-25ರ ಸಾಲಿಗೆ, 1,500 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಆ ಹಣ ಹಂಚಿಕೆಯಾಗುವುದು ಬ್ಯಾಂಕುಗಳಿಗೆ ಮತ್ತು ಆ್ಯಪ್ ಕಂಪನಿಗಳಿಗೆ. ಅದು ನಿಮ್ಮ ತೆರಿಗೆಯ ಹಣ, ನಿಮ್ಮ ಅಂಗಡಿಯ ಹೆಸರಿನಲ್ಲಿ ಕೊಟ್ಟದ್ದು. ರೂಪಾಯಿಗೆ ಒಂದು ಪೈಸೆಯಂತೆ ಎತ್ತಿಟ್ಟರೂ 15 ಕೋಟಿ. ಹಾರ್ಟ್‌ಬ್ಲೀಡ್ ಕಾಲದ ಆ 2,000 ಡಾಲರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಭಾರತ ಸರಕಾರ 2015ರಲ್ಲಿ, ಸರಕಾರಿ ಕಚೇರಿಗಳು ಮುಕ್ತ ಕೋಡನ್ನೇ ಮೊದಲು ಬಳಸಬೇಕೆಂಬ ನೀತಿಯನ್ನು ಹೊರಡಿಸಿತು. ಬಹಳ ಒಳ್ಳೆಯದು. ಬಾವಿಯಿಂದ ಸೇದಿರೆಂದು ಹೇಳುವ ಸರಕಾರ ಹಗ್ಗ ರಾಟೆಗೂ ಕೈಬಿಚ್ಚಲಿ. ಜರ್ಮನಿಯ ಸರಕಾರ 2022ರಲ್ಲಿ ಇದಕ್ಕೆಂದೇ ಒಂದು ನಿಧಿ ತೆರೆದು, ಕರ್ಲ್ ಮೊದಲಾದವುಗಳ ದುರಸ್ತಿಗೆ ಹಣ ಕೊಟ್ಟಿತು. ಅಲ್ಲಿ ಆಗುವುದು ಇಲ್ಲಿ ಆಗದೆಂದು ಹೇಳುವವರು ಹೊಸಪೇಟೆಯ ತಾಂತ್ರಿಕ ಕಾಲೇಜಿನಿಂದ ಹೊರಬಿದ್ದು ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಹುಡುಗ ಹುಡುಗಿಯರ ಕಣ್ಣಲ್ಲಿ ಕಣ್ಣಿಟ್ಟು ಹೇಳಲಿ. ಊರಲ್ಲೇ ಕೂತು ಲೋಕದ ಕಾಲುವೆಯ ಹೂಳೆತ್ತುವ ಕೆಲಸ ಅವರಲ್ಲಿ ಹತ್ತು ಜನಕ್ಕಾದರೂ ಸಂಬಳದ ಮೇಲೆ ಸಿಗಲಿ. ವಿಳಾಸದಲ್ಲಿ ಕನ್ನಡ ಕೆಡದಂತೆ ನೋಡಿಕೊಳ್ಳಲು ಸ್ವೀಡನ್ನಿನವನಿಗಿಂತ ಕಂಪ್ಲಿಯವನು ಕಡಿಮೆಯೆ?

ನಮ್ಮವರಲ್ಲೂ ಕೆಲವರು ಮೂಗು ಮುರಿಯುತ್ತಾರೆಂದು ನಮಗೆ ಗೊತ್ತು. ಕೂಲಿ, ಬೋನಸ್ಸು, ಬೆಲೆಯೇರಿಕೆ ಬಿಟ್ಟು ಇದೆಂಥ ಬೆಂಗಳೂರಿನ ಹುಡುಗರ ಗೋಳು ಎಂದು ಮೊನ್ನೆ ಸಭೆಯಲ್ಲೇ ಒಬ್ಬ ಹಿರಿಯರು ಕೇಳಿದರು. 2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು, ದೇಶದಾದ್ಯಂತ ಯು.ಪಿ.ಐ. ಕೆಲಹೊತ್ತು ನಿಂತುಹೋದುದನ್ನು ನಾವು ಅವರಿಗೆ ನೆನಪಿಸಿದೆವು. ಆ ಎರಡು ದಿನದ ತೊಡಕಿಗೆ ಈ ಕೈಯಾಳು ಕೋಡೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ತಿಂಡಿ ತಿಂದು ಎದ್ದ ಗಿರಾಕಿ ಫೋನು ತಿರುಗಿಸಿ ತಿರುಗಿಸಿ ನೋಡುತ್ತಿರುವಾಗ, ಗಲ್ಲದ ಮೇಲೆ ಕೂತವನಿಗೆ ಕೊಟ್ಟರೂ ಕಷ್ಟ ಬಿಟ್ಟರೂ ಕಷ್ಟ ಎನ್ನಿಸುವುದು ಹೇಗಿರುತ್ತದೆಂದು ಅಂದು ಎಲ್ಲರಿಗೂ ತಿಳಿಯಿತು. ಹಂಪಿಯ ಎಳನೀರಿನವನಿಗೆ ಚಿಲ್ಲರೆ ಇಲ್ಲ, ಪ್ರವಾಸಿಯ ಜೇಬಿನಲ್ಲಿ ನೋಟಿಲ್ಲ. ಗಿರಣಿಯ ಕೂಲಿಕಾರ ಮಗಳ ಮದುವೆಗೆ ಪಿ.ಎಫ್. ಹಣ ಬಿಡಿಸಿಕೊಳ್ಳಬೇಕೆಂದರೂ ಇಂದು ಅರ್ಜಿ ಹೋಗುವುದು ಇದೇ ತಂತಿಯ ಮೇಲೆ. ಯಂತ್ರ ನಿಂತರೆ ಸಾಹುಕಾರನಿಗೆ ವಿಮೆ ಉಂಟು, ವಕೀಲರುಂಟು. ಸಂಜೆಯ ವ್ಯಾಪಾರ ಕಳೆದುಕೊಂಡವನಿಗೆ ಏನುಂಟು? ಆ ಹಿರಿಯರು ಉತ್ತರ ಹೇಳಲಿಲ್ಲ. ಆದರೆ ಮನವಿಗೆ ಮೊದಲನೆಯ ಸಹಿ ಅವರದೇ.

ಇನ್ನು, ಯು.ಪಿ.ಐ. ಲೆಕ್ಕ ಹಿಡಿದು ತೆರಿಗೆ ಇಲಾಖೆಯವರು 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ ವಿಷಯ. ಅದನ್ನು ಈ ಲೇಖನದಲ್ಲಿ ಬೆರೆಸಬೇಡಿರೆಂದು ತರುಣರು ಹೇಳಿದ್ದರಿಂದ ಬಿಟ್ಟಿದ್ದೇವೆ, ಮರೆತಿಲ್ಲ.

ಮನವಿಯಲ್ಲಿ ಎರಡೇ ಬೇಡಿಕೆ ಇಟ್ಟಿದ್ದೇವೆ. ಯು.ಪಿ.ಐ. ಉತ್ತೇಜನದ ಹಣದಲ್ಲಿ ರೂಪಾಯಿಗೆ ಒಂದು ಪೈಸೆಯನ್ನು ಹಂಚಿಕೆಯ ಕೋಡಿನ ದುರಸ್ತಿಗೆ ಕಡ್ಡಾಯವಾಗಿ ಎತ್ತಿಡಬೇಕು. ಬ್ಯಾಂಕುಗಳೂ ಹಣಸಂದಾಯದ ಕಂಪನಿಗಳೂ ತಾವು ಯಾವ ಯಾವ ಪುಕ್ಕಟೆ ಕೋಡಿನ ಮೇಲೆ ನಿಂತಿದ್ದೇವೆ, ಅವುಗಳಿಗೆ ಎಷ್ಟು ಕೊಟ್ಟಿದ್ದೇವೆ ಎಂಬುದನ್ನು ವರ್ಷಕ್ಕೊಮ್ಮೆ ಅಚ್ಚು ಹಾಕಿ ಪ್ರಕಟಿಸಬೇಕು. ಕಾಗದ ಪಕ್ಷದ ಕಚೇರಿಯಲ್ಲಿದೆ. ಸಹಿ ಹಾಕಲು ಬರುವವರು ಸಂತೆಯ ದಿನ ಬಿಟ್ಟು ಸಂಜೆ ಆರರ ಮೇಲೆ ಬನ್ನಿ. ಅಂಗಡಿಯ ಮೊಹರು ಇದ್ದವರು ಜೊತೆಗೆ ತನ್ನಿ.